ಟವೆಲ್ ಕೆಳಗಿನ ಮಂಗಟ್ಟೆ

ಸಂತೆ ಬಿಟ್ಟು ಎಷ್ಟು ದೂರ ಹೋದರೂ ಸಂತೆಯ ಚಾಳಿ ನಮ್ಮಂಥವರನ್ನು ಬಿಡುವುದಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವನು ನಾನು. ಹೋದ ವರ್ಷ ಹೆಂಡತಿಯ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ಆಕೆ ಕೇಳಿದ್ದು ಒಂದೇ: ಮೊಮ್ಮಗಳ ಪುಸ್ತಕದಲ್ಲಿರುವ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯನ್ನು ಖುದ್ದು ನೋಡಬೇಕು. ನಮ್ಮ ಕಡೆ ಅದೆಲ್ಲಿ? ಘಟ್ಟದ ಮಳೆಕಾಡಿನ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಕಾರು ಓಡಿಸಿದವರು ನನ್ನ ವ್ಯಾಪಾರದ ಜೊತೆಗಾರ ಸಾಹೇಬರು. ತಮ್ಮ ಸಂತೆ ಬಿಟ್ಟು ಬಂದ ಪುಣ್ಯಾತ್ಮರು.

ಇಂಬಳ

ಕಾಡಿನ ಬಾಗಿಲಲ್ಲೇ ಗೈಡು, ಇಂಬಳ ಎಂಬ ಕಾಡುಜಿಗಣೆ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ಪುಡಿ ಹಚ್ಚಿಕೊಳ್ಳಿ ಎಂದ. ಎತ್ತಿನ ಉಣ್ಣಿ ಕಿತ್ತ ಕೈ ಇದು, ಇಂಬಳಕ್ಕೆ ಹೆದರುತ್ತದೆಯೇ ಎಂದು ನಕ್ಕೆ. ಅರ್ಧ ತಾಸಿಗೆ ಹೊಟ್ಟೆಯ ಮೇಲೆ ಎರಡು ಸಿಕ್ಕವು. ಹೊಸ ಕಣ್ಣಿನಿಂದ ಅವನ್ನು ಹುಡುಕಿಕೊಟ್ಟ ಹೆಂಡತಿ ಹೇಳಿದಳು: "ಇಷ್ಟು ವರ್ಷ ಮಂದಿ ರಕ್ತ ಹೀರಿದ್ರಿ. ಸ್ವಲ್ಪ ವಾಪಸ್ ಕೊಡ್ರಿ."

ಕಾಡುಕೋಣ

ಮುಂದೆ ಹುಲ್ಲಿನಲ್ಲಿ ಕಾಡುಕೋಣ ನಿಂತಿತ್ತು. ಅಂಥ ಭುಜ, ಬಿಳಿ ಕಾಲುಚೀಲ ಹಾಕಿದಂಥ ಕಾಲು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಅದರ ವಯಸ್ಸಿನ ಮೇಲೆ ನನಗೂ ಸಾಹೇಬರಿಗೂ ವಾದ ಹತ್ತಿತು.

"ಹಲ್ಲು ನೋಡದ ಹೇಳಾಕ ಬರಂಗಿಲ್ಲ ಸಾವ್ಕಾರ್ರ," ಎಂದು ಸಾಹೇಬರು ಎರಡು ಹೆಜ್ಜೆ ಮುಂದಿಟ್ಟರು.

ಗೈಡು ಅಂಗಿ ಹಿಡಿದೆಳೆದ. "ಹತ್ರ ಹೋದ್ರೆ ಅದೇ ನಿಮ್ಮ ಹಲ್ಲು ಎಣಿಸ್ತದೆ ಮಾರಾಯ್ರೆ."

ಮಂಗಟ್ಟೆ

ಮಧ್ಯಾಹ್ನವಾದರೂ ಮಂಗಟ್ಟೆಯಿಲ್ಲ. ಹೆಂಡತಿಯ ಮುಖ ಸಣ್ಣದಾಯಿತು. ಗೈಡು ನಮ್ಮನ್ನು ಹಣ್ಣು ತುಂಬಿದ ಅತ್ತಿಮರದ ಹತ್ತಿರ ಕೂರಿಸಿ, ಮಾತಾಡಬೇಡಿ, ಕೈ ಬೀಸಬೇಡಿ ಎಂದ.

ದನದ ಸಂತೆಯಲ್ಲಿ ನಾವು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತೇವೆ, ಒತ್ತಿದ ಬೆರಳಿನ ಲೆಕ್ಕವೇ ದರ. ಸ್ವಲ್ಪ ಹೊತ್ತಿಗೆ ಸಾಹೇಬರು ನನ್ನ ಕೈಮೇಲೆ ಟವೆಲ್ ಹಾಕಿ ಮೂರು ಬೆರಳು ಒತ್ತಿದರು. ನಲವತ್ತು ವರ್ಷದ ಚಾಳಿ, ಜಾಸ್ತಿಯಾಯಿತೆಂದು ತಲೆ ತಾನೇ ಅಲ್ಲಾಡಿತು. ಅವರು ಮೇಲೆ ನೋಡಿ ಎರಡು ಒತ್ತಿದರು. ಕೈ ಬಿಡಿಸಿಕೊಂಡೆ. ಬಿಡದೆ ಹಿಡಿದು ಒಂದು ಒತ್ತಿ, ಗದ್ದ ಮೇಲೆತ್ತಿ ತೋರಿಸಿದರು. ದರ ಇನ್ನು ಇಳಿಯಲಾರದೆಂದು ಒಪ್ಪಿಕೊಂಡು ತಲೆ ಎತ್ತಿದೆ. ಕೊಂಬೆಯ ಮೇಲೆ ಒಂದು ಮಂಗಟ್ಟೆ. ಉಳಿದೆರಡು ಆಗಲೇ ಹಾರಿಹೋಗಿದ್ದವು.

ಬೇರೆ ಕಡೆ ಹುಡುಕುತ್ತಿದ್ದ ಹೆಂಡತಿಯನ್ನು ತಿವಿದೆ. ಆಕೆ ನೋಡಿದಳು. ಅದು ಹಾರುವ ತನಕ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ನನ್ನಿಂದ ಇಡೀ ಕಥೆ ಕೇಳಿ, ಸಾಹೇಬರಿಗೆ ಕೈ ಮುಗಿದಳು.

"ನಿಮ್ಮ ಪುಣ್ಯೇದಾಗ ಒಂದಾದರೂ ನೋಡಿದೆ ಅಣ್ಣಾ. ಇವ್ರು ಇನ್ನೊಂದು ಸಲ ತಲಿ ಅಲ್ಲಾಡಿಸಿದ್ದರ ಮರಾನೂ ಇರತಿರಲಿಲ್ಲ."