ಇನ್ನೊಂದೇ ಒಂದು ಹನಿ

ನಮ್ಮ ಮನೆಯಲ್ಲಿ ನನ್ನ ಅಭಿಪ್ರಾಯ ಕೇಳುವುದು ಎರಡೇ ಸಂದರ್ಭಗಳಲ್ಲಿ: ನಲ್ಲಿ ಸೋರುವಾಗ, ಇಲ್ಲವೇ ಎಲ್ಲವೂ ತೀರ್ಮಾನವಾಗಿ ಮುಗಿದ ಮೇಲೆ. (ನಲ್ಲಿಯ ವಿಷಯಕ್ಕೂ ಈಚೆಗೆ ಪ್ಲಂಬರನ್ನೇ ಕೇಳುತ್ತಾರೆ.) ಹೀಗಿರುವಾಗ ಮಗಳು ಊಟದ ಮಧ್ಯೆ ತಲೆಯೆತ್ತಿ, "ಅಪ್ಪಾ, ಬಿಎಸ್ಸಿಗೆ ಯಾವ ಸಬ್ಜೆಕ್ಟ್ ತಗೊಳ್ಲಿ?" ಎಂದು ಕೇಳಿದಾಗ ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಲ್ಲಿ ಬೇರೆ ಅಪ್ಪ ಯಾರೂ ಇರಲಿಲ್ಲ.

"ಕೆಮಿಸ್ಟ್ರಿ!" ಎಂದೆ.

"ಮ್ಯಾಥ್ಸ್," ಎಂದಳು ನನ್ನ ಹೆಂಡತಿ, ಅದೇ ಕ್ಷಣದಲ್ಲಿ.

ಇವಳು ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಜಗಳವನ್ನೂ ಲೆಕ್ಕದ ಹಾಗೆ ಹಂತ ಹಂತವಾಗಿ ಬಿಡಿಸಿ, ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ ಎಳೆದೇ ಬಿಡುತ್ತಾಳೆ.

"ಅಲ್ಲಾ ರೀ, ಕೆಮಿಸ್ಟ್ರಿ ಓದಿ ನೀವು ಕಡಿದು ಕಟ್ಟೆ ಹಾಕಿದ್ದೇನು? ನೀರು ಸರಬರಾಜು ಆಫೀಸಲ್ಲಿ ಕೂತು ಜನರ ಹತ್ರ ಬೈಸ್ಕೊಳ್ತೀರಿ, ಅಷ್ಟೇ ತಾನೆ?"

"ನೀರೂ ಒಂದು ರಾಸಾಯನಿಕ ಸಂಯುಕ್ತವೇ," ಎಂದೆ ಗಾಂಭೀರ್ಯದಿಂದ.

"ಅದೂ ನಮ್ಮ ನಲ್ಲೀಲಿ ಸರಿಯಾಗಿ ಬರಲ್ಲ."

ಎರಡು ಗೆರೆ ಬಿತ್ತು. ಆದರೆ ಅಂದು ನನ್ನ ಕಡೆಗೊಬ್ಬ ಸಾಕ್ಷಿಯಿದ್ದಳು. ಬೇರೆ ಮಕ್ಕಳು ರಾಜಕುಮಾರನ ಕಥೆ ಕೇಳಿ ಮಲಗುತ್ತಿದ್ದ ವಯಸ್ಸಿನಲ್ಲಿ ನನ್ನ ಮಗಳು ಕಾಲೇಜಿನ ಪ್ರಯೋಗಾಲಯದ ಕಥೆ ಕೇಳಿ ಮಲಗಿದವಳು. ಒಂದಾನೊಂದು ಕಾಲದಲ್ಲಿ ಬ್ಯೂರೆಟ್ ಎಂಬ ಒಂದು ಉದ್ದನೆಯ ಗಾಜಿನ ಕೊಳವೆ ಇತ್ತು, ಅದರ ಕೆಳತುದಿಯಿಂದ ಒಂದೊಂದೇ ಹನಿ ಕೆಳಗಿನ ಫ್ಲಾಸ್ಕಿಗೆ ಬೀಳುತ್ತಿತ್ತು, ನೀರಿನ ಹಾಗೆ ಬಣ್ಣವಿಲ್ಲದೆ ಕೂತಿದ್ದ ಆಸಿಡ್ಡು ಒಂದೇ ಒಂದು ಹನಿಗೆ ಇದ್ದಕ್ಕಿದ್ದಂತೆ ತೆಳು ಗುಲಾಬಿಯಾಗುತ್ತಿತ್ತು. "ಆಮೇಲೆ?" ಎನ್ನುತ್ತಿದ್ದಳು ಕಣ್ಣರಳಿಸಿ. ಆಮೇಲೆ ನಿಮ್ಮಪ್ಪನನ್ನು ಎಲ್ಲರೂ ಹೊಗಳಿದರು ಎಂದು ಕಥೆ ಮುಗಿಯುತ್ತಿತ್ತು.

ಕಾಲೇಜಿನಲ್ಲಿ ನನಗೆ ಗುಲಾಬಿ ಎಂಬ ಅಡ್ಡಹೆಸರಿತ್ತೆಂದು ಮದುವೆಯಾದ ಹೊಸತರಲ್ಲೇ ಹೆಂಡತಿಗೂ ಹೇಳಿದ್ದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಯಾಕೆ?" ಎಂದಿದ್ದಳು. "ಆಗಿನ ಬಣ್ಣ ನೀನು ನೋಡ್ಬೇಕಿತ್ತು," ಎಂದಿದ್ದೆ. ಪಾಪ, ನಂಬಿದ್ದಳು.

"ನಂಗೆ ಕೆಮಿಸ್ಟ್ರಿನೇ ಬೇಕಮ್ಮ," ಎಂದಳು ಮಗಳು. "ಅದೂ ಅಪ್ಪ ಓದಿದ ಕಾಲೇಜಲ್ಲೇ."

ಮದುವೆಯಾದಂದಿನಿಂದ ನಾನು ಗೆದ್ದ ಮೊದಲ ವಾದ ಅದು.

ಹೆಂಡತಿ ಸೋಲೊಪ್ಪಲಿಲ್ಲ, ಷರತ್ತು ಹಾಕಿದಳು. ಆ ಕಾಲೇಜಿನಲ್ಲಿ ಕೆಮಿಸ್ಟ್ರಿ ಸೀಟನ್ನು ಬರೀ ಅಂಕ ನೋಡಿ ಕೊಡುವುದಿಲ್ಲ. ಬಂದವರನ್ನೆಲ್ಲ ಲ್ಯಾಬಿನಲ್ಲಿ ನಿಲ್ಲಿಸಿ, ಒಂದು ಬ್ಯೂರೆಟ್ ಕೊಟ್ಟು, ಯಾರ ಕೈ ನಿಲ್ಲುತ್ತದೋ ಅವರನ್ನು ಆರಿಸುತ್ತಾರೆ. ಫ್ಲಾಸ್ಕಿನಲ್ಲಿ ಕಂಡೂ ಕಾಣದಷ್ಟು ಗುಲಾಬಿ ಬಂದರೆ ಸೀಟು. ಕಡುಗುಲಾಬಿಯಾದರೆ ಮನೆಗೆ. "ಅದರಲ್ಲಿ ಆಗ್ಲಿಲ್ಲ ಅಂದ್ರೆ ತೆಪ್ಪಗೆ ಮ್ಯಾಥ್ಸಿಗೆ ಸೇರ್ಬೇಕು," ಎಂದಳು ಇವಳು. ಮಗಳು ಹೂಂ ಎಂದಳು, ಆದರೆ ಅವಳ ಮುಖ ಸಣ್ಣಗಾಯಿತು. ಆ ಸೀಟು ಅವಳಿಗೆ ಎಷ್ಟು ಬೇಕಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು.

ಕೂಡಲೇ ತರಬೇತಿ ಶಿಬಿರ ಆರಂಭಿಸಿದೆ. ನೇರಳೆ ಬಣ್ಣದ ಕೋಸು ಬೇಯಿಸಿ ನೀರು ಬಸಿದರೆ ಅದು ನಿಂಬೆರಸಕ್ಕೆ ಕೆಂಪಾಗುತ್ತದೆ, ಸೋಪಿನ ನೀರಿಗೆ ಹಸಿರಾಗುತ್ತದೆ. ಅಡುಗೆಮನೆಯೇ ಪ್ರಯೋಗಾಲಯ, ಹೆಂಡತಿಯ ಕಿವಿಗೆ ಔಷಧಿ ಬಿಡುವ ಡ್ರಾಪರೇ ಬ್ಯೂರೆಟ್. ಮಗಳು ಹನಿ ಬಿಡುವಳು, ನಾನು ಪಕ್ಕದಲ್ಲಿ ನಿಂತು, "ಹಾಕು, ಇನ್ನೊಂದು ಹನಿ... ಇನ್ನೊಂದೇ ಒಂದು..." ಎಂದು ಹುರಿದುಂಬಿಸುವೆನು. ಪ್ರತಿ ಸಲವೂ ಬಣ್ಣ ಮಿತಿಮೀರಿ ಹೋಗುತ್ತಿತ್ತು. ಕೋಸಿನ ದೋಷ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ಬಸಿದು ಉಳಿದ ಕೋಸನ್ನು ಇವಳು ಅಷ್ಟೂ ದಿನ ಮೂರು ಹೊತ್ತೂ ನನಗೇ ಬಡಿಸಿದಳು.

ಪರೀಕ್ಷೆಯ ದಿನ ನಾನು ಬೀರುವಿನ ತಳದಿಂದ ನನ್ನ ಹಳೆಯ ಬಿಳಿ ಕೋಟನ್ನು ತೆಗೆದೆ. ಜೇಬಿನ ಬಳಿ ಆಸಿಡ್ ಬಿದ್ದು ಸುಟ್ಟ ತೂತು ಹಾಗೆಯೇ ಇತ್ತು. ಹೊಟ್ಟೆಯ ಹತ್ತಿರ ಗುಂಡಿಗಳು ಸಹಕರಿಸಲಿಲ್ಲ, ಬಿಚ್ಚಿಯೇ ಹಾಕಿಕೊಂಡೆ.

"ಪರೀಕ್ಷೆ ಅವಳಿಗೋ ನಿಮಗೋ?" ಎಂದಳು ಹೆಂಡತಿ.

"ಸುಮ್ನೆ ಒಂದು ನೆನಪಿಗೆ ಕಣೇ," ಎಂದೆ.

ಕಾಲೇಜಿನ ಮೆಟ್ಟಿಲು ಹತ್ತಿದ್ದೇ ತಡ, ಆ ವಾಸನೆ ಬಂತು. ಗ್ಯಾಸು, ಗಂಧಕ, ಒದ್ದೆ ಮರ ಎಲ್ಲ ಸೇರಿದ ವಾಸನೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ನಾನು ಎದೆ ತುಂಬ ಎಳೆದುಕೊಂಡೆ. ಗೋಡೆಗೆ ಹೊಸ ಸುಣ್ಣ ಬಂದಿತ್ತು, ಬಾಗಿಲು ಮಾತ್ರ ಅದೇ, ಒದ್ದರೆ ಮಾತ್ರ ತೆರೆಯುವ ಬಾಗಿಲು. ಇದೇ ಮೆಟ್ಟಿಲಿನ ಮೇಲೆ ಗೆಳೆಯರೆಲ್ಲ ಕೂತು ದೊಡ್ಡ ವಿಜ್ಞಾನಿಗಳಾಗುವ ಮಾತಾಡುತ್ತಿದ್ದೆವು. ಅವರಲ್ಲೊಬ್ಬ ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಒಬ್ಬ ಬಸ್ ಕಂಡಕ್ಟರು, ನಾನು ನೀರಿನ ಆಫೀಸು. ಆದರೂ ಆ ದಿನಗಳಷ್ಟು ಸುಖವನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಹೀಗೆಂದು ಹೆಂಡತಿಗೆ ಹೇಳಿಯೂ ಬಿಟ್ಟೆ. (ಹೇಳಬಾರದಿತ್ತು.)

ಪೋಷಕರಿಗೆ ಒಳಗೆ ಪ್ರವೇಶವಿಲ್ಲ. ನಾನು ಹಿತ್ತಲಿನ ಕಡೆಯ ದೊಡ್ಡ ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತೆ. ಸಾಲಾಗಿ ಬ್ಯೂರೆಟ್ಟುಗಳು, ಎದುರಿಗೆ ಹನಿ ಎಣಿಸುತ್ತಿರುವ ಮಕ್ಕಳು. ಮಗಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಫ್ಲಾಸ್ಕಿನ ಬಣ್ಣ ನನಗೆ ಕಾಣುತ್ತಿರಲಿಲ್ಲ, ಅವಳ ಕೈ ನಿಂತುಬಿಟ್ಟಿದ್ದು ಮಾತ್ರ ಕಂಡಿತು. ಹೆದರಿದಳೇನೋ ಎಂದುಕೊಂಡೆ. ಬೆರಳೆತ್ತಿ, ಹನಿ ಹಾಕುವ ಹಾಗೆ ಆಡಿಸಿ ಸನ್ನೆ ಮಾಡಿದೆ: ಇನ್ನೊಂದು!

ಅವಳು ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಬಿಳಿ ಕೋಟು ಹಾಕಿಕೊಂಡು ಕಿಟಕಿಯಲ್ಲಿ ನಿಂತು ಸೂಚನೆ ಕೊಡುತ್ತಿರುವವರು ಪರೀಕ್ಷಕರಲ್ಲದೆ ಮತ್ಯಾರು? ಎಲ್ಲರೂ ವಿಧೇಯರಾಗಿ ಇನ್ನೊಂದು ಹನಿ ಬಿಟ್ಟರು. ನಾನು ಮಗಳಿಗೆಂದು ಮತ್ತೆ ಸನ್ನೆ ಮಾಡಿದೆ. ಅವರು ಮತ್ತೆ ಬಿಟ್ಟರು. ನೋಡುನೋಡುತ್ತಿದ್ದಂತೆ ಲ್ಯಾಬಿನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೂ ಕಡುಗುಲಾಬಿ ಫ್ಲಾಸ್ಕುಗಳು ಹೂವಿನ ಅಂಗಡಿಯ ಹಾಗೆ ಕಂಗೊಳಿಸಿದವು.

ಕೆಮಿಸ್ಟ್ರಿ ಮೇಡಂ ಸಾಲಿನುದ್ದಕ್ಕೂ ನಡೆದುಬಂದರು. ನಮ್ಮ ಕಾಲದಲ್ಲಿ ಹೊಸದಾಗಿ ಬಂದಿದ್ದವರು, ಈಗ ಕೂದಲೆಲ್ಲ ಬೆಳ್ಳಗಾಗಿ ವಿಭಾಗದ ಮುಖ್ಯಸ್ಥೆಯಾಗಿದ್ದರು. ಒಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಈ ಬಣ್ಣ ನಾನು ಎಲ್ಲೋ ನೋಡಿದೀನಿ," ಎಂದವರೇ ಮೆಲ್ಲಗೆ ಕಿಟಕಿಯ ಕಡೆ ತಿರುಗಿ ಕದ ತೆರೆದರು. "ಏನಯ್ಯಾ ಗುಲಾಬಿ! ನೀನೇನಾ?"

ನನ್ನ ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. "ಮೇಡಂ, ಇವರಿಗೆ ಗುಲಾಬಿ ಅಂತ ಯಾಕೆ ಹೆಸರು ಬಂತು?" ಎಂದು ಕೇಳಿದಳು, ಧ್ವನಿಯಲ್ಲಿ ಸಕ್ಕರೆ ಬೆರೆಸಿ.

"ಯಾಕೆ ಅಂದ್ರೆ? ಮೂರು ವರ್ಷ ಇವನ ಫ್ಲಾಸ್ಕು ಇದೇ ಬಣ್ಣಮ್ಮ. ಒಂದು ಸಲ ಸರಿಯಾಗಿ ಬಂದಿದ್ರೆ ಕೇಳಿ."

ಹೆಂಡತಿ ನನ್ನ ಮುಖ ನೋಡಿದಳು. ಈಗ ಅದಕ್ಕೆ ನಿಜವಾಗಿಯೂ ಆ ಬಣ್ಣ ಬಂದಿತ್ತು.

"ಮೇಡಂ, ಕೋಟು ನೋಡಿ ಮಕ್ಕಳು ಮೋಸಹೋದ್ರು. ನನ್ನದೇ ತಪ್ಪು, ಅವರನ್ನ ಕಳಿಸ್ಬೇಡಿ," ಎಂದು ಗೋಗರೆದೆ.

"ಕೋಟಿನ ತಪ್ಪೇನಿಲ್ಲ. ಒಳಗಿರೋನದ್ದು ತೊಂದರೆ. ಇವರಿಗೆಲ್ಲ ಮತ್ತೆ ಪರೀಕ್ಷೆ ಇಡ್ತೀನಿ. ಫ್ಲಾಸ್ಕ್ ಯಾರು ತೊಳೀತಾರೆ?" ಎಂದು ಮೇಡಂ ನನ್ನನ್ನೇ ದಿಟ್ಟಿಸಿದರು.

ಹೀಗೆ ಬಹಳ ವರ್ಷಗಳ ಮೇಲೆ ನನಗೆ ಆ ಲ್ಯಾಬಿನೊಳಗೆ ಪ್ರವೇಶ ಸಿಕ್ಕಿತು. ಅದೇ ಕಲ್ಲಿನ ತೊಟ್ಟಿ, ಬುಸ್ ಎಂದು ಕೆಮ್ಮಿ ನೀರು ಬಿಡುವ ಅದೇ ನಲ್ಲಿ. ತೋಳು ಮಡಿಸಿಕೊಂಡು ಒಂದೊಂದೇ ಫ್ಲಾಸ್ಕ್ ತೊಳೆಯುತ್ತಾ ಹೋದೆ. ನಾಚಿಕೆಯಾಗಬೇಕಿತ್ತು, ಆದರೆ ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಗಿತ್ತು.

ಮಗಳು ಓಡಿಬಂದಳು. "ಅಪ್ಪಾ, ಸೀಟ್ ಸಿಕ್ತು! ಬಣ್ಣ ಸರಿಯಾಗಿ ಬಂದಿದ್ದು ನನ್ನದೊಂದೇ ಅಂತೆ!"

ಒದ್ದೆ ಕೈಯಲ್ಲೇ ಅವಳ ತಲೆ ಸವರಿದೆ. "ನಾನು ಹೇಳ್ಕೊಟ್ಟಿದ್ದು ಉಪಯೋಗಕ್ಕೆ ಬಂತು ತಾನೆ?"

"ಬಂತಪ್ಪಾ. ಮನೇಲಿ ನೀನು 'ಇನ್ನೊಂದೇ ಒಂದು' ಅಂದಾಗೆಲ್ಲ ಕೆಡ್ತಿತ್ತಲ್ಲ? ಅದಕ್ಕೇ ಇಲ್ಲಿ ಮನಸ್ಸಲ್ಲೇ ನಿನ್ನ ಧ್ವನಿ ನೆನೆಸ್ಕೊಂಡೆ. ಎಲ್ಲಿ ನೀನು 'ಇನ್ನೊಂದು' ಅಂತೀಯೋ, ಅಲ್ಲಿಗೆ ನಿಲ್ಲಿಸ್ಬಿಟ್ಟೆ."

ಕೋಟನ್ನು ಅಲ್ಲಿಯೇ ಬಿಚ್ಚಿಸಿ ತಾನು ತೊಟ್ಟುಕೊಂಡಳು. ಅವಳಿಗೆ ಅದು ಅಳತೆ ತೆಗೆದು ಹೊಲಿಸಿದ ಹಾಗೆ ಒಪ್ಪಿತು, ಗುಂಡಿಗಳೂ ಸರಿಯಾಗಿ ಕೂತವು.

ಮರುದಿನ ಬೆಳಿಗ್ಗೆ ಹೆಂಡತಿ ನನ್ನ ಕಾಫಿಗೆ ಒಂದೇ ಒಂದು ಹನಿ ಹಾಲು ಬಿಟ್ಟು, "ಸಾಕಾ ರೀ, ಗುಲಾಬಿಯವರೇ?" ಎಂದಳು. ನಾನು ಪೇಪರಿನಿಂದ ತಲೆಯೆತ್ತದೆ, ಅಭ್ಯಾಸಬಲದಿಂದ, "ಇನ್ನೊಂದೇ ಒಂದು ಹನಿ," ಎಂದೆ.

ಮಗಳು ತಟಕ್ಕನೆ ಅಮ್ಮನ ಕೈ ಹಿಡಿದು ನಿಲ್ಲಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಸಿಗುತ್ತಿರುವುದು ಕರಿ ಕಾಫಿ.