ಸದ್ದಿಲ್ಲದ ಗಾದಿ

ಮನುಷ್ಯ ಜಗತ್ತಿನಲ್ಲಿ ಏನೇನೋ ನೋಡುತ್ತಾನೆ, ತಾನು ಮಲಗಿರುವುದನ್ನು ಮಾತ್ರ ನೋಡುವುದಿಲ್ಲ. ಕನ್ನಡಿಯಲ್ಲಿ ನಗುವ ಮುಖ ಕಾಣುತ್ತದೆ, ಸಿಟ್ಟಿನ ಮುಖ ಕಾಣುತ್ತದೆ, ಗಡ್ಡಕ್ಕೆ ಸೋಪು ಹಚ್ಚಿಕೊಂಡ ಮುಖವಂತೂ ದಿನಾ ಕಾಣುತ್ತದೆ. ನಿದ್ದೆಯ ಮುಖ ಮಾತ್ರ ಮನೆಯವರ ಸ್ವತ್ತು. ಬಾಯಿ ಎಷ್ಟು ತೆರೆದಿತ್ತು, ಕಣ್ಣು ಪೂರ್ತಿ ಮುಚ್ಚಿತ್ತೋ ಇಲ್ಲವೋ, ಕೈ ಎದೆಯ ಮೇಲಿತ್ತೋ ಪಕ್ಕದಲ್ಲಿತ್ತೋ, ಇದೆಲ್ಲ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಇಷ್ಟು ವರ್ಷ ನಾನು ಈ ವಿಷಯವನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹೊಸ ಗಾದಿ ಬಂದ ಮೇಲೆ ಹಚ್ಚಿಕೊಂಡಿದ್ದೇನೆ. ನೆನೆದಾಗಲೆಲ್ಲ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ.

ಮೊದಲು ನನ್ನ ಸಂಗತಿ ಹೇಳಿಬಿಡುತ್ತೇನೆ. ಚೆಂಬೂರಿನಿಂದ ಸ್ವಲ್ಪ ಆಚೆಗಿರುವ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್, ಅದೂ ಕಾಯಂ ರಾತ್ರಿ ಪಾಳಿ. ಊರೆಲ್ಲ ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯಲು ಓಡುವ ಹೊತ್ತಿಗೆ ನಾನು ಮನೆಗೆ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು, ಬೆಡ್‌ರೂಮಿನ ಪರದೆ ಎಳೆದು, ಅದರ ಮೇಲೊಂದು ಹಳೆಯ ಕಂಬಳಿ ಜೋತುಬಿಟ್ಟು ಮಲಗುತ್ತೇನೆ. ಹಗಲನ್ನು ಕತ್ತಲೆ ಮಾಡಿಕೊಂಡು ಮಲಗುವವನ ಮನೆಗೆ ಅದರದೇ ಒಂದು ಕಳೆ ಇರುತ್ತದೆ. ಹೆಂಡತಿ ಸುಮಿತ್ರಾ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಓಡಾಡುತ್ತಾಳೆ. ಬಾಗಿಲ ಬೆಲ್ಲಿನೊಳಗೆ ಅರಿವೆ ತುರುಕಿದ್ದಾಳೆ. ಮಗಳು ಪಲ್ಲವಿ ಸಣ್ಣವಳಿದ್ದಾಗ ಆಟಕ್ಕೆ ಬಂದ ಹುಡುಗಿಯರ ಜೊತೆ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದಳು. ಆ ಮನೆಯ ಒಳಕೋಣೆಯಲ್ಲಿ ಯಾರೋ ಇದ್ದಾರೆ, ಹಗಲು ಹೊರಗೆ ಬರುವುದಿಲ್ಲ ಅಂತ ಬಿಲ್ಡಿಂಗಿನ ಮಕ್ಕಳಲ್ಲಿ ಒಂದು ಸುದ್ದಿಯೇ ಇತ್ತಂತೆ. ಆ ಯಾರೋ ನಾನೇ ಅಂತ ನನಗೆ ಬಹಳ ತಡವಾಗಿ ತಿಳಿಯಿತು.

ಹಳೆಯ ಗಾದಿ ನಮ್ಮ ಮದುವೆಯಲ್ಲಿ ಗೋಕಾಕದ ಮಾವನವರು ಕೊಟ್ಟಿದ್ದು. ಅರಳೆಯ ಗಾದಿ. ಕಾಲಕ್ರಮದಲ್ಲಿ ಅರಳೆಯೆಲ್ಲ ನಾಲ್ಕು ಮೂಲೆಗೆ ಸರಿದು, ನಡುವೆ ನನ್ನ ಅಳತೆಯ ಒಂದು ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲಿ ಇಳಿಯುವುದು ಸುಲಭ, ಮೇಲೆ ಬರುವುದೇ ಕಷ್ಟ. ಮಗ್ಗುಲು ಬದಲಿಸಿದರೆ ಮಂಚ ಕಿರ್ ಅನ್ನುತ್ತಿತ್ತು, ನಾನು ಅಯ್ಯಪ್ಪಾ ಅನ್ನುತ್ತಿದ್ದೆ. ಕೊನೆಗೊಂದು ದಿನ ಪಾಳಿಯ ನಡುವೆ ಸೊಂಟ ಹಿಡಿದುಕೊಂಡು ನನ್ನನ್ನು ಕುರ್ಚಿ ಸಮೇತ ಲಿಫ್ಟಿಗೆ ಹೊತ್ತೊಯ್ಯಬೇಕಾಯಿತು. ಸಯನ್ನಿನ ಡಾಕ್ಟರು ಬೆನ್ನಿನ ಎಕ್ಸ್‌ರೇ ನೋಡಿ, ಗಾದಿ ಬದಲಿಸುತ್ತೀರೋ ಕೆಲಸ ಬಿಡುತ್ತೀರೋ ನೀವೇ ಹೇಳಿ ಅಂದರು. ಕೆಲಸ ಬಿಟ್ಟರೆ ಹಗಲೆಲ್ಲ ಎಚ್ಚರವಿದ್ದು ಮನೆಯವರ ಎದುರಿಗಿರಬೇಕಾಗುತ್ತದೆ. ಗಾದಿಯೇ ವಾಸಿ ಅನ್ನಿಸಿತು.

ಸಂಶೋಧನೆಯ ಭಾರ ಪಲ್ಲವಿ ಹೊತ್ತಳು. ಬಾಂದ್ರಾದ ಆಫೀಸಿಗೆ ಹೋಗಿ ಬರುವ ಹುಡುಗಿ, ಲೋಕಲ್‌ನಲ್ಲಿ ನಿಂತೇ ಜಗತ್ತಿನ ಗಾದಿಗಳನ್ನೆಲ್ಲ ಫೋನಿನಲ್ಲಿ ತಿರುವಿ ಹಾಕಿದಳು. ಕೊಂಡವರು ಬರೆದ ಅಭಿಪ್ರಾಯಗಳನ್ನು ನನಗೆ ಓದಲು ಕೊಟ್ಟಳು. ಓದುತ್ತಾ ನನಗೆ ಕಸಿವಿಸಿಯಾಯಿತು. ಮಲಗಿದ್ದಷ್ಟೇ ಗೊತ್ತು, ಆಮೇಲೆ ಏನೂ ಗೊತ್ತಿಲ್ಲ ಅಂತ ಒಬ್ಬರು ಐದು ನಕ್ಷತ್ರ ಕೊಟ್ಟಿದ್ದರು. ನಮ್ಮ ಅಜ್ಜ ಈಗ ಬಹಳ ಶಾಂತವಾಗಿದ್ದಾರೆ ಅಂತ ಇನ್ನೊಬ್ಬರು. ಅಜ್ಜ ಎಲ್ಲಿ ಶಾಂತವಾಗಿದ್ದಾರೆ ಅನ್ನುವುದನ್ನು ಅವರು ಬರೆದಿರಲಿಲ್ಲ.

ಮಲಗಿ ನೋಡದೆ ತರಬಾರದು ಅಂತ ಒಂದು ಭಾನುವಾರ ಮೂವರೂ ಬಾಂದ್ರಾದ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ನೆಲಮಾಳಿಗೆ. ಮಂದ ಬೆಳಕು, ಥಂಡಿ ಗಾಳಿ, ಎಲ್ಲೂ ಒಂದು ಸದ್ದಿಲ್ಲ. ಸಾಲಾಗಿ ಗಾದಿಗಳು, ಒಂದೊಂದರ ಮೇಲೂ ಒಬ್ಬೊಬ್ಬರು ಅಂಗಾತ ಮಲಗಿ ಕಣ್ಣು ಮುಚ್ಚಿದ್ದಾರೆ. ಅವರ ಕಾಲಿಗೆ ಪ್ಲಾಸ್ಟಿಕ್ಕಿನ ಚೀಲ ತೊಡಿಸಿದೆ. ಸುತ್ತ ಮನೆಮಂದಿ ಕೈಕಟ್ಟಿ ನಿಂತು ಮುಖವನ್ನೇ ನೋಡುತ್ತಿದ್ದಾರೆ. ಅಂಗಡಿಯ ಹುಡುಗಿ ಹತ್ತಿರ ಬಂದು ಆಸ್ಪತ್ರೆಯವರ ದನಿಯಲ್ಲಿ, ಕಣ್ಣು ಮುಚ್ಚಿ ಸರ್, ದೇಹವನ್ನು ಪೂರ್ತಿ ಬಿಟ್ಟುಬಿಡಿ ಅಂತ ಹಿಂದಿಯಲ್ಲಿ ಹೇಳಿದಳು. ನಾನು ಮಲಗಿ ದೇಹ ಬಿಡುವ ಪ್ರಯತ್ನದಲ್ಲಿದ್ದಾಗ ಸುಮಿತ್ರಾ, ಇಲ್ಲಿ ಉತ್ತರ ಯಾವ ಕಡೆ ಅಂತ ಪಲ್ಲವಿಯನ್ನು ಕೇಳಿದ್ದು ಕಿವಿಗೆ ಬಿತ್ತು. ಪಲ್ಲವಿ ಫೋನಿನ ದಿಕ್ಸೂಚಿ ತೆರೆದಳು. ಮುಳ್ಳು ನೇರವಾಗಿ ನನ್ನ ತಲೆಯ ಕಡೆ ತೋರಿಸಿತಂತೆ. ಉತ್ತರಕ್ಕೆ ತಲೆ ಮಾಡಿ ನಮ್ಮಲ್ಲಿ ಯಾರನ್ನು ಮಲಗಿಸುತ್ತಾರೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಿತ್ರಾ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅಷ್ಟಕ್ಕೇ ಬಿಡದೆ, ಆ ಸಾಲಿನವರೆಲ್ಲರನ್ನೂ ತಿರುಗಿ ಮಲಗಲು ಹೇಳಬೇಕೆಂದು ಹುಡುಗಿಗೆ ತಾಕೀತು ಮಾಡಿದಳು. ಆಂಟಿ, ಎಸಿ ಇರೋದೇ ಆ ಕಡೆ ಅಂದಳು ಹುಡುಗಿ. ಪಕ್ಕದ ಗಾದಿಯ ಹಿರಿಯರೊಬ್ಬರು ಕಣ್ಣು ತೆರೆದು, ದಿಕ್ಕನ್ನು ವಿಚಾರಿಸಿ, ಗಾದಿ ಕೊಳ್ಳದೆಯೇ ಹೊರಟುಹೋದರು.

ಕೊನೆಗೆ ಪಲ್ಲವಿ ಫೋನಿನಲ್ಲೇ ಒಂದನ್ನು ತರಿಸಿದಳು. ಮೂರು ತಿಂಗಳು ಮಲಗಿ ನೋಡುವುದು, ಹಿಡಿಸದಿದ್ದರೆ ಅವರೇ ಬಂದು ಒಯ್ಯುತ್ತಾರೆ ಅನ್ನುವ ಕರಾರು. ಗಾದಿ ಅಂದರೆ ನಾಲ್ಕು ಜನ ಹೊತ್ತು ತರುತ್ತಾರೆ ಅಂದುಕೊಂಡಿದ್ದೆ. ಬಂದದ್ದು ಉದ್ದನೆಯ ಒಂದು ಡಬ್ಬಿ. ಒಳಗೆ ಗಾದಿಯನ್ನು ಗಾಳಿ ಹೀರಿ, ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದಿದ್ದರು. ಪಲ್ಲವಿ ಕತ್ತರಿ ಹಾಕಿದ ಕೂಡಲೇ ಅದು ಉಸ್ಸೆಂದು ದೀರ್ಘವಾಗಿ ಉಸಿರು ಎಳೆದುಕೊಂಡಿತು. ಆಮೇಲೆ ನಮ್ಮೆಲ್ಲರ ಎದುರಿಗೇ ನಿಧಾನಕ್ಕೆ ಮೈ ಬಿಡಿಸಿ ಏಳತೊಡಗಿತು. ಕಿಟಕಿಯ ಪಾರಿವಾಳಗಳು ಪಟಪಟ ಹಾರಿಹೋದವು. ಸುಮಿತ್ರಾ ಹೋಗಿ ದೇವರ ಮುಂದಿನ ದೀಪದ ಬತ್ತಿ ಸರಿಮಾಡಿ ಬಂದಳು. ಇನ್ನೊಂದು ವಿಚಿತ್ರವೆಂದರೆ ಅದರ ಮೇಲೆ ಅಂಗೈ ಒತ್ತಿದರೆ ಕೈಯ ಗುರುತು ಹಾಗೇ ಉಳಿದು, ಆಮೇಲೆ ಒಂದೊಂದೇ ಬೆರಳು ಮಾಯವಾಗುತ್ತಿತ್ತು. ಒಂದು ದಿನ ಸುಮಿತ್ರಾ ಚಹಾ ತಂದಾಗ ನಾನು ಬಾತ್‌ರೂಮಿನಲ್ಲಿದ್ದೆ. ಗಾದಿಯ ಮೇಲೆ ನನ್ನ ತಲೆ, ಭುಜ, ಬೆನ್ನು ಎಲ್ಲದರ ಅಚ್ಚು ಇತ್ತಂತೆ, ಒಳಗೆ ನಾನಿರಲಿಲ್ಲವಂತೆ. ಅಚ್ಚು ತುಂಬಿಕೊಳ್ಳುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು.

ಸೊಂಟಕ್ಕಂತೂ ಅಮೃತವಾಯಿತು. ಮಲಗಿದ ಭಂಗಿಯಲ್ಲೇ ಏಳುತ್ತಿದ್ದೆ. ಹೊದಿಕೆಯ ಒಂದು ನಿರಿಗೆ ಸರಿದಿರುತ್ತಿರಲಿಲ್ಲ. ಕನಸಿಲ್ಲ, ಗೊರಕೆಯಿಲ್ಲ, ಮಗ್ಗುಲಿಲ್ಲ, ಅಯ್ಯಪ್ಪಾ ಇಲ್ಲ. ಆದರೆ ಕೆಲವು ದಿನಗಳಲ್ಲೇ ಒಂದು ಕಾಟ ಶುರುವಾಯಿತು. ನಡುಮಧ್ಯಾಹ್ನ ಎಚ್ಚರವಾದರೆ ಕತ್ತಲೆಯಲ್ಲಿ ನನ್ನ ಮುಖದ ಮೇಲೆ ಇನ್ನೊಂದು ಮುಖ ಬಾಗಿರುತ್ತಿತ್ತು. ಮೂಗಿನ ಕೆಳಗೆ ಒಗ್ಗರಣೆಯ ಘಮದ ಎರಡು ಬೆರಳು. ಏನೇ ಇದು ಅಂದರೆ, ಏನಿಲ್ಲರಿ, ಸೊಳ್ಳಿ ಕುಂತಿತ್ತು ಅನ್ನುತ್ತಿದ್ದಳು ಸುಮಿತ್ರಾ. ನಮ್ಮ ಬಿಲ್ಡಿಂಗಿನ ಸೊಳ್ಳೆಗಳು ನನ್ನ ಮೂಗನ್ನೇ ಆರಿಸಿಕೊಳ್ಳುತ್ತವೆ ಅಂತ ಸ್ವಲ್ಪ ದಿನ ನಂಬಿದ್ದೆ.

ಆಮೇಲೆ ಆ ಗುರುವಾರ ಬಂತು. ಮಧ್ಯಾಹ್ನ ಕಣ್ಣು ಬಿಟ್ಟೆ. ಕೋಣೆ ಎಂದಿನಂತೆ ಕತ್ತಲೆ, ಊದುಬತ್ತಿಯ ವಾಸನೆ ಮಾತ್ರ ಗಾಢವಾಗಿ ತುಂಬಿತ್ತು. ಹೊರಗಿನ ಹಾಲಿನಲ್ಲಿ ಹೆಂಗಸರ ತಗ್ಗಿದ ದನಿ. ಮೇಲಿನ ಮನೆಯ ಉಡುಪಿ ಕಡೆಯ ಶಾರದಕ್ಕ ಹೇಳುತ್ತಿದ್ದರು, “ಒಳ್ಳೆ ಜನ ಮಾರಾಯ್ತಿ. ಒಂದು ದಿನ ಜೋರು ಮಾತಾಡಿದ್ದು ಕೇಳ್ಲಿಲ್ಲ ನಾನು.” ಯಾರ ಬಗ್ಗೆ ಇಷ್ಟು ಒಳ್ಳೆಯ ಮಾತು ಅಂತ ಕಿವಿಗೊಟ್ಟೆ. ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳಿಗೆ ಏನೋ ಬಿಗಿದಂತೆ ಅನ್ನಿಸಿತು. ತಲೆಯನ್ನು ಸ್ವಲ್ಪವೇ ಎತ್ತಿ ನೋಡಿದೆ. ಹೆಬ್ಬೆರಳಿಗೆ ಬಿಳಿಯ ದಾರ ಕಟ್ಟಿತ್ತು.

ನಮ್ಮ ಕಡೆ ಕಾಲಿನ ಹೆಬ್ಬೆರಳಿಗೆ ದಾರ ಕಟ್ಟುವ ಸಂದರ್ಭ ಒಂದೇ. ಅದನ್ನು ನಾನೇ ಎಷ್ಟೋ ಮನೆಗಳಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸುಳ್ಳು ಹೇಳುವುದಿಲ್ಲ, ಆಗ ನನಗೆ ಗಾಬರಿಗಿಂತ ಮೊದಲು ಹೊಳೆದದ್ದು ಸೊಂಟದಲ್ಲಿ ಒಂದಿಷ್ಟೂ ನೋವಿಲ್ಲ ಎಂಬುದು. ಎಲ್ಲ ಹೊಂದಿಕೆಯಾಗುತ್ತಿತ್ತು. ಇನ್ನು ಡಾಕ್ಟರಿಲ್ಲ, ಪಾಳಿಯಿಲ್ಲ. ಆಮೇಲೆ ಪಲ್ಲವಿ ಆಫೀಸಿನಿಂದ ಬಂದಳೋ ಇಲ್ಲವೋ, ಅವಳಿಗೆ ಹೇಗೆ ಹೇಳಿದರೋ ಅನ್ನಿಸಿ ಎದೆ ಧಸಕ್ಕೆಂದಿತು. ಸುಮಿತ್ರಾ ಅಳುವ ಸದ್ದು ಬರುತ್ತದೆಯೇ ಅಂತ ಉಸಿರು ಬಿಗಿಹಿಡಿದು ಕೇಳಿದೆ. ಅಳು ಕೇಳಲಿಲ್ಲ. ಅದರಿಂದ ಸ್ವಲ್ಪ ಬೇಸರವೂ ಆಯಿತು. ಹಿಡಿದ ಉಸಿರು ಸಾಲದೆ ಕಾಲು ಜಾಡಿಸಿದೆ. ಝಲ್ ಅಂತ ಸದ್ದಾಯಿತು. ದಾರದ ಇನ್ನೊಂದು ತುದಿಗೆ ಪಲ್ಲವಿ ಸಣ್ಣವಳಿದ್ದಾಗಿನ ಕಾಲ್ಗೆಜ್ಜೆ ಕಟ್ಟಿತ್ತು. ಹಾಲಿನಲ್ಲಿ ಸುಮಿತ್ರಾ ಉಸ್ಸೆಂದು, ಅಳ್ಳಾಡಿದರು ನೋಡ್ರಿ ಶಾರದಕ್ಕ, ಇನ್ನ ಅಡಗಿ ಮಾಡ್ತೇನಿ ಅಂತ ಎದ್ದಳು.

ಅವತ್ತು ಬಿಲ್ಡಿಂಗು ನನ್ನ ಜೋರು ದನಿಯನ್ನು ಮೊದಲ ಸಲ ಕೇಳಿತು. ಬದುಕಿರುವವನ ಕಾಲಿಗೆ ದಾರ ಕಟ್ಟುವ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ ಅಂದೆ. ಶಾರದಕ್ಕ ಮೆಲ್ಲಗೆ ಮೆಟ್ಟಿಲು ಹತ್ತಿ ಹೋದರು. ಸುಮಿತ್ರಾ ಮಂಚದ ತುದಿಯಲ್ಲಿ ಕೂತು ದಾರ ಬಿಚ್ಚುತ್ತಾ ಇದ್ದಳು, ತಲೆ ಎತ್ತಲಿಲ್ಲ. ಮೊದಲೆಲ್ಲ ನಾನು ನರಳುವುದು ಅಡುಗೆಮನೆಗೆ ಕೇಳಿಸುತ್ತಿತ್ತಂತೆ. ಮಂಚ ಕಿರ್ ಅಂದರೆ, ಇದ್ದಾರೆ ಅಂತ ಅವಳು ಹಿಟ್ಟು ನಾದುತ್ತಿದ್ದಳಂತೆ. ಈಗ ಒಳಗಿನಿಂದ ಏನೂ ಬರುವುದಿಲ್ಲ. ಒಲೆ ಆರಿಸಿ ಬಂದು ನೋಡದೆ ಅವಳ ಕೈ ಮುಂದಿನ ಕೆಲಸಕ್ಕೆ ಏಳುವುದಿಲ್ಲ. ದಾರದ ಅರ್ಥ ಕಟ್ಟುವಾಗ ಹೊಳೆಯಲಿಲ್ಲ, ಗೆಜ್ಜೆಯ ಸದ್ದೊಂದು ಬಂದರೆ ಸಾಕಾಗಿತ್ತು ಅಂದಳು. ಆಮೇಲೆ ತನ್ನ ತಂದೆಯ ಮಾತು ತೆಗೆದಳು. ಮಾವನವರು ನಿದ್ದೆಯಲ್ಲೇ ಹೋದರು ಅಂತ ನನಗೆ ಗೊತ್ತಿತ್ತು, ಪುಣ್ಯದ ಸಾವು ಅಂತ ಎಲ್ಲರ ಜೊತೆ ನಾನೂ ಅಂದಿದ್ದೆ. ಅವರು ಹೋದ ಮಧ್ಯಾಹ್ನ ಮನೆಯಲ್ಲಿದ್ದವಳು ಸುಮಿತ್ರಾ ಒಬ್ಬಳೇ ಅನ್ನುವುದು ಗೊತ್ತಿರಲಿಲ್ಲ.

“ಮನಿ ಹಿಂಗ ಶಾಂತ ಇತ್ತರಿ,” ಅಂದಳು. “ಅಪ್ಪಗ ಛಲೋ ನಿದ್ದಿ ಹತ್ತೇತಿ ಅಂತ ನಾ ಕಿಡಕಿ ಹಾಕಿದೆ, ಕೈಯಾಗಿನ ಬಳಿ ಸಪ್ಪಳ ಆಗಬಾರದಂತ ಮ್ಯಾಲೆ ಏರಿಸಿಕೊಂಡೆ. ಚಹಾ ಆರಿ ಹೋತು. ಆಗ ನೋಡಿದೆ.”

ಇಷ್ಟು ವರ್ಷ ನನ್ನ ನಿದ್ದೆ ಕೆಡಬಾರದೆಂದು ಈ ಮನೆಯನ್ನು ಸದ್ದಿಲ್ಲದಂತೆ ಇಟ್ಟವಳು, ಆ ಮೌನದೊಳಗೆ ಒಬ್ಬಳೇ ನನ್ನ ನರಳಿಕೆಯನ್ನು ಕಾಯುತ್ತಾ ಕೂತಿದ್ದಳು. ಬಹಳ ಸಂಕಟವಾಯಿತು. ಆ ರಾತ್ರಿ ಪಾಳಿಗೆ ಹೋಗುವ ಮೊದಲು ಪಲ್ಲವಿಗೆ ಗಾದಿ ವಾಪಸು ಕಳಿಸು ಅಂದೆ. ಅವಳಿಗೆ ನಂಬಿಕೆಯಾಗಲಿಲ್ಲ. “ಪಪ್ಪಾ, ನಿಮ್ದು ಬ್ಯಾಕ್ ಠೀಕ್ ಆಗಿದೆ ನಾ? ಫಿರ್ ಕ್ಯೋಂ, ಯಾಕೆ ವಾಪಸು?” ಅಂದಳು. ಗಾದಿ ಬಹಳ ಚೆನ್ನಾಗಿದೆ, ಅದಕ್ಕೇ ಕಳಿಸು ಅಂದೆ. ವಾಪಸಿಗೆ ಕಾರಣ ಬರೆಯುವ ಜಾಗದಲ್ಲಿ ಅವಳು ಏನು ಬರೆದಳೋ ನಾನು ಕೇಳಲಿಲ್ಲ.

ಒಯ್ಯಲು ಇಬ್ಬರು ಬಂದರು. ಅವರು ಗಾದಿಗೆ ಕೈ ಹಾಕುವಷ್ಟರಲ್ಲಿ ಸುಮಿತ್ರಾ ಬಂದು ಬೆಡ್‌ರೂಮಿನ ಬಾಗಿಲಿಗೆ ಅಡ್ಡ ನಿಂತಳು. ಅವರಿಗೆ ಹಿಂದಿಯಲ್ಲಿ ಚಹಾ ಕುಡಿದು ಹೋಗಿ, ಗಾದಿ ಕೊಡುವುದಿಲ್ಲ ಅಂತ ಹೇಳಿ ನನ್ನ ಕಡೆ ತಿರುಗಿದಳು. “ಮತ್ತ ನರಳೋದು ಬ್ಯಾಡ. ನೀವು ಆರಾಮ ಮಲಗ್ರಿ. ನಾ ಬಂದು ನೋಡ್ತೇನಿ, ಅದರಾಗೇನೈತಿ.” ಬಂದವರು ಚಹಾ ಕುಡಿದು ಹೋದರು. ಅಂದಿನಿಂದ ಬೆರಳು ಬಂದಾಗ ನಾನು ಸಿಡುಕುವುದನ್ನು ಬಿಟ್ಟೆ. ನಿದ್ದೆಯಲ್ಲೇ ಹೂಂ ಅನ್ನುವುದನ್ನು ರೂಢಿ ಮಾಡಿಕೊಂಡೆ. ಇಷ್ಟಾದರೂ ಹೆಂಗಸರ ಅಂಜಿಕೆಗೆ ಮದ್ದಿಲ್ಲ ಅಂತ ಕಾರ್ಖಾನೆಯಲ್ಲಿ ಇದನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಿದೆ. ಗೆಜ್ಜೆಯ ಕಥೆಗೆ ಒಳ್ಳೆಯ ಬೇಡಿಕೆಯಿತ್ತು.

ಹೋದ ಭಾನುವಾರ ನನಗೆ ರಜೆ. ಪಲ್ಲವಿ ಗೆಳತಿಯ ಮನೆಗೆ ಹೋಗಿದ್ದಳು. ಊಟವಾದ ಮೇಲೆ ಸುಮಿತ್ರಾ, ತಲೆ ಭಾರ ಆಗಿದೆ, ಸ್ವಲ್ಪ ಅಡ್ಡಾಗುತ್ತೇನೆ ಅಂತ ಒಳಗೆ ಹೋದಳು. ಅವಳು ಮಧ್ಯಾಹ್ನ ಮಲಗಿದ್ದನ್ನು ಅದುವರೆಗೆ ನಾನು ಕಂಡೇ ಇರಲಿಲ್ಲ. ಹಾಲಿನಲ್ಲಿ ಪೇಪರು ಓದುತ್ತಾ ಕೂತೆ. ಓದುತ್ತಾ ಓದುತ್ತಾ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ ಅಂತ ಗಮನಕ್ಕೆ ಬಂತು. ಒಳಗಿನಿಂದ ಬಳೆಯ ಸದ್ದಿಲ್ಲ, ಕೆಮ್ಮಿಲ್ಲ. ಎಷ್ಟು ಹೊತ್ತಿನಿಂದ ಇಲ್ಲ ಅನ್ನುವುದೂ ನೆನಪಾಗಲಿಲ್ಲ. ಮಲಗಿದ್ದಾಳೆ, ಮಲಗಲಿ ಅಂತ ಪೇಪರು ತಿರುವಿದೆ. ಆ ಕಾಗದದ ಸದ್ದು ಮನೆಯಲ್ಲೆಲ್ಲ ಓಡಾಡಿತು.

ಎದ್ದು ಹೋದೆ. ಕಿಟಕಿಯ ಕಂಬಳಿ ಹಾಗೇ ಇತ್ತು, ಕೋಣೆ ಕತ್ತಲೆ. ನನ್ನ ಜಾಗದಲ್ಲಿ ಅಂಗಾತ ಮಲಗಿದ್ದಳು, ಗಾದಿ ಅವಳನ್ನು ಅರ್ಧ ಒಳಗೆ ತೆಗೆದುಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಇದು ಯಾರ ಮುಖ ಅಂತ ಒಂದು ಕ್ಷಣ ನಿಜವಾಗಿ ಗುರುತು ಹತ್ತಲಿಲ್ಲ. ರಾತ್ರಿಯೆಲ್ಲ ಹೊರಗಿರುವವನು ನಾನು. ರಜೆಯ ರಾತ್ರಿಯೂ ನಿದ್ದೆ ಬಾರದೆ ಹಾಲಿನಲ್ಲೇ ಕೂತಿರುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಮಲಗಿದಾಗ ಹೇಗಿರುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಎದೆ ಏರಿಳಿಯುತ್ತಿದೆಯೇ ಅಂತ ನೋಡಿದೆ, ಕತ್ತಲೆಯಲ್ಲಿ ಏನೂ ಕಾಣಲಿಲ್ಲ. ಬಾಗಿದೆ. ಎರಡು ಬೆರಳು ಅವಳ ಮೂಗಿನ ಕೆಳಗೆ ಹಿಡಿದೆ. ಉಸಿರು ತಾಗಲಿಲ್ಲ. ಬೆರಳನ್ನು ಇನ್ನಷ್ಟು ಹತ್ತಿರ ಒಯ್ದೆ, ಆಗಲೂ ತಾಗಲಿಲ್ಲ.

“ಸಿಕ್ತೇನ್ರಿ?” ಅಂದಳು, ಕಣ್ಣು ಬಿಡದೆ.

“ಸಿಕ್ತು,” ಅಂದೆ.

“ಮೊದಲಿಗೆ ಸಿಗೂದಿಲ್ಲ. ಸ್ವಲ್ಪ ತಡೀಬೇಕು,” ಅಂತ ಹೇಳಿ ಹಾಗೇ ನಿದ್ದೆಹೋದಳು. ಒಂದು ಗಳಿಗೆಯಲ್ಲಿ ಕೋಣೆ ಮತ್ತೆ ಮೊದಲಿನ ಹಾಗೇ ಸದ್ದಿಲ್ಲದಾಯಿತು. ನಾನು ಅಡುಗೆಮನೆಯ ಸ್ಟೂಲು ತಂದು ಮಂಚದ ಪಕ್ಕದಲ್ಲಿ ಹಾಕಿಕೊಂಡು ಕೂತೆ. ಅದಕ್ಕೆ ಬೆನ್ನಿಗೆ ಆನಿಕೆಯಿಲ್ಲ. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿಯತೊಡಗಿತು. ಎದ್ದು ಹೋಗುವ ಧೈರ್ಯವಾಗಲಿಲ್ಲ.