ಮಲಗದ ಕಂಪ್ಯೂಟರೂ ನನ್ನ ಮದುವೆ ಮಾತುಕತೆಯೂ

ಕೆಟ್ಟ ಕಂಪ್ಯೂಟರನ್ನು ಒಂದು ತಾಸಿನಲ್ಲಿ ರಿಪೇರಿ ಮಾಡಬಹುದು. 'ಸ್ಲೀಪ್' ಒತ್ತಿ ಮಲಗಿಸಿದ ಕಂಪ್ಯೂಟರ್ ತಾನಾಗಿ ಎದ್ದು ಕೂತರೆ ಮಾತ್ರ ಮೊದಲು ಮನೆಮಂದಿಯನ್ನು ನೋಡಬೇಕು. ಸಿಂಧನೂರಿನಲ್ಲಿ ರಿಪೇರಿ ಅಂಗಡಿ ಇಟ್ಟ ದಿನದಿಂದ ಇಂಥವೇ ನನ್ನ ಪಾಲಿಗೆ ಬರುತ್ತವೆ. ನಕ್ಕು ಮರೆಯುತ್ತಿದ್ದೆ. ಆದರೆ ಆ ತಿಂಗಳು ಮಸ್ಕಿಯ ಒಂದು ಮನೆಯವರು ನನಗೆ ಹೆಣ್ಣು ಕೊಡುವ ಮಾತು ನಡೆಸಿದ್ದರು. ಹುಡುಗಿಯ ಫೋಟೋ ನೋಡಿಯೇ ನಾನು ಸೋತಿದ್ದೆ. ಅವಳ ಅಪ್ಪ ನನ್ನ ಗಿರಾಕಿಗಳನ್ನೇ ಹಿಡಿದು ನನ್ನ ಬಗ್ಗೆ ವಿಚಾರಿಸುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಗಿರಣಿಯ ನಿಂಬೆಹಣ್ಣು

ಮೊದಲು ಕರೆದವರು ನಮ್ಮೂರ ಅಕ್ಕಿ ಗಿರಣಿಯ ಸಾಹುಕಾರರು.

"ಮಲಗಿಸಿ ಈ ಕಡಿ ತಿರುಗೂದ್ರಾಗ ಎದ್ದು ಕುಂತಿರ್ತದ ನೋಡ್ರಿ."

ಸೆಟ್ಟಿಂಗ್ ಎಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ. ಆಮೇಲೆ ಕಂಡಿತು: ಬೆಳಗಿನ ಪೂಜೆಯಲ್ಲಿ ಮಾನಿಟರಿಗೆ ಹೂವಿನ ಸರ ಹಾಕಿ, ದೃಷ್ಟಿ ಆಗದಿರಲೆಂದು ಅದರ ತುದಿಗೆ ನಿಂಬೆಹಣ್ಣು ಕಟ್ಟಿದ್ದರು. ಫ್ಯಾನಿನ ಗಾಳಿಗೆ ಅದು ತೂಗಾಡಿ ಕೀಬೋರ್ಡಿಗೆ ಬಡಿಯುತ್ತಿತ್ತು.

"ನಿಂಬಿಹಣ್ಣು ತೆಗೀರಿ, ಸರಿ ಆಗ್ತದ" ಎಂದೆ.

ಸಾಹುಕಾರರು ನನ್ನನ್ನೇ ನೋಡಿದರು. "ದಿನಾ ಪೂಜಿ ಮಾಡ್ತೀವಿ. ಏಳಲಾರ್ದ ಏನ್ಮಾಡೀತು?"

ನಿಂಬೆಹಣ್ಣು ಅಲ್ಲೇ ಉಳಿಯಿತು. ಮಸ್ಕಿಗೆ ಹೋದ ವರದಿ ಮಾತ್ರ ಹೀಗಿತ್ತು: "ಹುಡುಗ ಚಲೋ ಅದಾನ. ಭಕ್ತಿ ಸ್ವಲ್ಪ ಕಡಿಮಿ."

ಮೇಷ್ಟ್ರ ನಿದ್ದೆ

ಎರಡನೆಯವರು ಲಿಂಗಸುಗೂರಿನ ನಿವೃತ್ತ ಮೇಷ್ಟ್ರು. ಮಧ್ಯಾಹ್ನ ಉಂಡು ಕಂಪ್ಯೂಟರಿನ ಪಕ್ಕದ ಮಂಚದಲ್ಲೇ ಅವರ ನಿದ್ದೆ. ನಾಲ್ಕಕ್ಕೆ ಸರಿಯಾಗಿ ಕಂಪ್ಯೂಟರ್ ಗುಂಯ್ ಎಂದು ಏಳುತ್ತಿತ್ತು.

"ಭಾಳ ಕಾಟ ಆಗೇದಪಾ" ಎಂದರು.

ಅಪ್ಡೇಟಿಗೆಂದು ತಾನೇ ಏಳುವ ವೇಳೆ ಅದರೊಳಗೆ ಸೇರಿಕೊಂಡಿತ್ತು. ತೆಗೆದುಹಾಕಿ, ಶಹಬ್ಬಾಸ್ ಅನ್ನಿಸಿಕೊಂಡು ಬಂದೆ. ಮರುದಿನ ಸಂಜೆ ಅವರದೇ ಫೋನು.

"ಏನ್ಮಾಡಿ ಹೋದ್ಯೋ? ಆರರ ತನಕ ಮಲಗೀನಿ. ಮೊಮ್ಮಗಳನ್ನ ಸಾಲಿಯಿಂದ ಕರ್ಕೊಂಡು ಬರೂದು ತಪ್ಪಿ, ಮನಿಯಾಗ ಎಲ್ಲಾರೂ ನನ್ನ ಮ್ಯಾಲೆ ಎಗರ್‍ಯಾಡಾಕತ್ತಾರ. ಆ ರೋಗ ಮತ್ತ ಹಚ್ಚಿ ಹೋಗು."

ಹಚ್ಚಿ ಬಂದೆ. ಆದರೆ ಅಷ್ಟರೊಳಗೆ, ಮೇಷ್ಟ್ರು ಸಿಟ್ಟಿನಲ್ಲಿದ್ದಾಗಲೇ, ಹುಡುಗಿಯ ಅಪ್ಪ ಅವರನ್ನೂ ವಿಚಾರಿಸಿ ಆಗಿತ್ತು.

ಮಸ್ಕಿಯ ದೊಡ್ಡಪ್ಪ

ನಾನೂ ಅಮ್ಮನೂ ಹೆಣ್ಣು ನೋಡಲು ಹೋದೆವು. ಹುಡುಗಿಯ ಅಪ್ಪ ಉಪ್ಪಿಟ್ಟು ಕೊಡುವ ಮೊದಲೇ ಮೂಲೆಯ ಕಂಪ್ಯೂಟರ್ ತೋರಿಸಿದರು. "ಇದೂ ಮುಂಜಾನಿಂದ ಮಲಗವಲ್ದು. ನೋಡೂಣು, ನಿಮ್ಮ ಕೈಗುಣ."

ಅಮ್ಮ ನನ್ನ ಮುಖ ನೋಡಿದಳು. ಇದೂ ತಪ್ಪಿದರೆ ಹುಡುಗಿ ಕೈತಪ್ಪಿದ ಹಾಗೆಯೇ.

ಮಲಗಿಸಿದೆ. ಎದ್ದಿತು. ಮತ್ತೆ ಮಲಗಿಸಿದೆ. ಮತ್ತೆ ಎದ್ದಿತು. ವೈರಿಲ್ಲದ ಮೌಸಿನ ಸಂಕೇತ ಹಿಡಿಯುವ ಚಿಕ್ಕ ತುಂಡನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದರು, ಮೌಸು ಮಾತ್ರ ಎಲ್ಲೂ ಇಲ್ಲ. ಹುಡುಗಿಯ ದೊಡ್ಡಪ್ಪ, ಮನೆಗೇ ಹಿರಿಯರು, ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರು ತೊಡೆ ಅಲುಗಿಸಿದಾಗಲೆಲ್ಲ ಕಂಪ್ಯೂಟರ್ ಏಳುತ್ತಿತ್ತು. ಅವರ ಧೋತರದ ಕೆಳಗೆ ಕೆಂಪು ದೀಪವೂ ಮಿಣುಕಿತು.

ಹೆಣ್ಣು ನೋಡಲು ಬಂದವನು ಮನೆಯ ಹಿರಿಯರಿಗೆ "ಸ್ವಲ್ಪ ಏಳ್ರಿ" ಎನ್ನುವುದು ಹೇಗೆ? ಕೊನೆಗೆ ಎದ್ದು ಹೋಗಿ ಅವರ ಮುಂದೆ ಬಗ್ಗಿದೆ.

"ನಿಂತು ಆಶೀರ್ವಾದ ಮಾಡ್ರಿ ದೊಡ್ಡಪ್ಪಾರ."

ಅವರು ಹಿಗ್ಗಿ ಎದ್ದು ನಿಂತರು. ಕಾಲು ಮುಟ್ಟಿದ ಕೈಯಲ್ಲೇ ಗಾದಿಯ ಮೇಲಿದ್ದ ಮೌಸು ಎಳೆದು, ಅದರ ಗುಂಡಿ ಆರಿಸಿ ಜೇಬಿಗೆ ಹಾಕಿಕೊಂಡೆ. ಹೋಗಿ ಮಲಗಿಸಿದೆ; ಈ ಸಲ ಕಂಪ್ಯೂಟರ್ ಏಳಲಿಲ್ಲ. ದೊಡ್ಡಪ್ಪ ಕಣ್ಣು ಒರೆಸಿಕೊಂಡು, "ಭಕ್ತಿ ಕಡಿಮಿ ಅಂತ ಯಾವಾಂವ ಹೇಳಿದ್ದು?" ಎಂದು ತಮ್ಮನನ್ನು ಗದರಿಸಿದರು.

ಅಪ್ಪ ಮಗಳ ಕಡೆ ತಿರುಗಿ ಕೇಳಿದರು, "ಏನವಾ, ಮನಸ್ಸಿಗೆ ಬಂದಾರೇನು?"

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಹುಡುಗಿ ಚಹದ ತಾಟು ಕೆಳಗಿಟ್ಟಳು. "ಬಂದಾರ. ಮುಂಜಾನಿಂದ ಗಾದಿ ಝಾಡಿಸ್ಬೇಕು ಏಳ್ರಿ ಅಂತ ಬಡ್ಕೊಂಡ್ರೂ ದೊಡ್ಡಪ್ಪ ಎದ್ದಿದ್ದಿಲ್ಲ. ಇವರು ಒಂದ ಮಾತಿಗೆ ಎಬ್ಬಿಸ್ಯಾರ."